ಗೇಣುದ್ದದ ಶವಪೆಟ್ಟಿಗೆ

ಚುನ್ಯೊ ಡಬ್ಬಕ್ಕೆ ಕೈ ಹಾಕಿದ ಕಾಸಿಲ್ದಾಳ ಬೆರಳಿಗೆ ಒಣಗಿದ ಕಪ್ಪು ಆಲೂಗಡ್ಡೆಯ ಬದಲು ನುಣುಪಾದ ಮರ ತಗುಲಿತು. ಹೊರಗೆ ತೆಗೆದು ನೋಡಿದಳು. ನೋಡಿದ್ದೇ ತಡ, ಮತ್ತೆ ಡಬ್ಬದೊಳಕ್ಕೇ ಹಾಕಿ, ಒಳಗಿರುವುದು ತಾನಾಗಿಯೇ ಹೊರಗೆ ಬಂದೀತೇನೋ ಎಂಬಂತೆ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. ಅದೊಂದು ಶವಪೆಟ್ಟಿಗೆ. ಗೇಣುದ್ದ, ನಾಲ್ಕು ಬೆರಳಗಲ. ಮುಚ್ಚಳದ ಮೇಲೆ ಪುಟ್ಟ ಶಿಲುಬೆ, ಬದಿಯಲ್ಲಿ ಅಕ್ಕಿಕಾಳಿನಷ್ಟು ಹಿತ್ತಾಳೆಯ ಕೀಲುಗಳು. ಒಲೆಯ ಮೇಲಿದ್ದ ಕೋಕಾ ಎಲೆಯ ಕಷಾಯ ಉಕ್ಕಿ ಉರಿಯನ್ನೇ ನಂದಿಸಿತು. ಅವಳಿಗೆ ಅದರ ಪರಿವೆಯೂ ಇರಲಿಲ್ಲ.

ಬೇರೆ ದಿನವಾಗಿದ್ದರೆ ಅದನ್ನು ಯಾರದೋ ಆಟಿಕೆ ಎಂದು ಪಕ್ಕಕ್ಕಿಡಬಹುದಿತ್ತು. ಆದರೆ ಅಂದು ಜನವರಿ ಇಪ್ಪತ್ತನಾಲ್ಕು, ಅಲಸಿತಾಸ್ ಸಂತೆಯ ಮೊದಲ ದಿನ. ಅಂದು ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಪುಟ್ಟದಾಗಿ ಕೈಗೆ ಬಂದು ಹರಕೆ ಪಡೆದದ್ದು ವರ್ಷ ತುಂಬುವುದರೊಳಗೆ ದೊಡ್ಡದಾಗಿ ಮನೆಗೆ ಬರುತ್ತದೆ ಎಂಬುದರಲ್ಲಿ ಲಾ ಪಾಸ್‌ನಲ್ಲಿ ಯಾರಿಗೂ ಸಂಶಯವಿಲ್ಲ. ಸಂಶಯವಿದೆ ಎನ್ನುವವರೂ ಹನ್ನೊಂದೂವರೆಗೆಲ್ಲ ಸಂತೆಯಲ್ಲೇ ಇರುತ್ತಾರೆ. ಬೆರಳುದ್ದದ ಮನೆ ತೆಗೆದುಕೊಂಡವರಿಗೆ ಮನೆ. ಅಂಗೈಯಗಲದ ಪದವಿಪತ್ರ ತೆಗೆದುಕೊಂಡವರಿಗೆ ಪದವಿ. ಹಾಗಾದರೆ ಗೇಣುದ್ದದ ಶವಪೆಟ್ಟಿಗೆ ತೆಗೆದುಕೊಂಡವರಿಗೆ...

"ಡಬ್ಬ ಯಾಕೆ ಹಾಗೆ ಅದುಮ್ತಿದ್ದೀಯ? ಅದಕ್ಕೇನು ಹೊಟ್ಟೆನೋವಾ?"

ಬಾಗಿಲಲ್ಲಿ ಅತ್ತೆ ದೋನ್ಯಾ ಸಬಾಸ್ತಾ ನಿಂತಿದ್ದಳು. ಎಂಬತ್ತೊಂದು ವರ್ಷ. ಬೆಳಿಗ್ಗೆ ಏಳು ಗಂಟೆಗೇ ಹಬ್ಬದ ನೆರಿಗೆ ಲಂಗ ಉಟ್ಟು, ಗುಂಡು ಟೋಪಿಯನ್ನು ತಲೆಯ ಮೇಲೆ ಓರೆಯಾಗಿ ಕೂರಿಸಿಕೊಂಡು ಸಿದ್ಧವಾಗಿದ್ದಳು.

"ಇದು ಯಾರದು ಅತ್ತೆ?"

"ನನ್ನದು. ನಿನ್ನ ಅಳತೆಗೆ ಅದು ಸಾಲಲ್ಲ."

ಆಮೇಲೆ ಮುದುಕಿ ಮುಕ್ಕಾಲಿ ಎಳೆದುಕೊಂಡು ಕೂತು, ಸೌತೆಕಾಯಿಯ ಬೆಲೆ ಹೇಳುವಷ್ಟು ಸಲೀಸಾಗಿ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ತಾನು ಬದುಕಿದ್ದು ಸಾಕಾಗಿದೆ. ಈ ವರ್ಷ ಹೊರಡುವುದೆಂದು ತೀರ್ಮಾನಿಸಿದ್ದಾಳೆ. ಪೆಟ್ಟಿಗೆ ಮಾಡಿಸಿಯಾಗಿದೆ. ಆದರೆ ತಾನೇ ಕೊಂಡುಕೊಂಡದ್ದಕ್ಕಿಂತ ಮನೆಯವರು ಕೈಯಾರೆ ಕೊಟ್ಟದ್ದಕ್ಕೆ ಬಲ ಜಾಸ್ತಿ ಎಂಬುದು ಊರಿಗೇ ಗೊತ್ತಿರುವ ವಿಷಯ. ಹಾಗಾಗಿ ಸೊಸೆಯಾದವಳು ಹನ್ನೆರಡು ಗಂಟೆಗೆ, ಸಂತೆಯಲ್ಲಿ ಹರಸುವ ಪೂಜಾರಿ ಯಾತಿರಿಯ ಧೂಪದ ಮುಂದೆ ನಿಂತು, ಇದನ್ನು ತನ್ನ ಕೈಗೆ ಕೊಡಬೇಕು.

"ಇಪ್ಪತ್ತನಾಲ್ಕು ವರ್ಷ ಊಟ ಹಾಕಿದ್ದೀಯ. ಉಪ್ಪಿಲ್ಲದೆ ಹಾಕಿದ್ದೀಯ, ಆದರೂ ಹಾಕಿದ್ದೀಯ. ಇದೊಂದು ಮಾಡಿಬಿಡು."

ಕಾಸಿಲ್ದಾ ಡಬ್ಬವನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ಈ ಅತ್ತೆ-ಸೊಸೆಯರ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಅವರದು ಎಣ್ಣೆ-ಸೀಗೇಕಾಯಿಯ ಸಂಬಂಧ. ಆ ಕಡಿದಾದ ಬೀದಿಯ ಮೆಟ್ಟಿಲು ಹತ್ತಿ ಬರುವವರು ಮನೆಯ ಗುರುತು ಕೇಳಿದರೆ, "ಜಗಳ ಕೇಳಿಸುವವರೆಗೆ ಹತ್ತಿ" ಎಂದು ಜನ ಹೇಳುತ್ತಿದ್ದರು. ಸಾರಿನ ಉಪ್ಪು, ಜಡೆಯ ಬಿಗಿ, ಒಗೆದ ಬಟ್ಟೆಯನ್ನು ಯಾವ ತುದಿಯಿಂದ ಒಣಹಾಕಬೇಕೆಂಬುದು... ಯಾವುದರಲ್ಲೂ ಇಬ್ಬರಿಗೂ ಒಂದು ದಿನ ಒಮ್ಮತವಾದದ್ದಿಲ್ಲ. ಇಬ್ಬರೂ ಒಪ್ಪುತ್ತಿದ್ದ ವಿಷಯ ಒಂದೇ ಒಂದು, ಇಲಾರಿಯೊ. ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡ. ಇನ್ನೊಬ್ಬರ ಮಿನಿಬಸ್ಸು ಓಡಿಸುತ್ತಿದ್ದ ಆ ನಗುಮುಖದ ಮನುಷ್ಯ ಜಗಳ ಜೋರಾದಾಗಲೆಲ್ಲ ಎದ್ದು ಹೋಗಿ ರೇಡಿಯೊದ ಸದ್ದನ್ನು ಸ್ವಲ್ಪ ಏರಿಸುತ್ತಿದ್ದ, ಅಷ್ಟೇ. ನಾಲ್ಕು ವರ್ಷದ ಹಿಂದೆ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಷೂ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ವೈದ್ಯರು. ರೇಡಿಯೊ ಇನ್ನೂ ಹಾಡುತ್ತಲೇ ಇತ್ತು.

ವೈದ್ಯರು ಹೇಳಿದ್ದನ್ನು ಕಾಸಿಲ್ದಾ ನಂಬಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು. ಆ ವರ್ಷದ ಸಂತೆಯಲ್ಲಿ ಅವನಿಗೆಂದು ಪುಟ್ಟ ಬಸ್ಸು ಕೊಳ್ಳುವುದಕ್ಕೆ ಅತ್ತೆ-ಸೊಸೆ ಇಬ್ಬರೂ ಹೋಗಿದ್ದರು. ಸ್ವಂತ ಬಸ್ಸು ಅವನ ಜನ್ಮದ ಕನಸು. ಅಂಗಡಿಯ ಮುಂದೆ, ಬಸ್ಸು ಕೆಂಪಿರಬೇಕೋ ನೀಲಿಯಿರಬೇಕೋ ಎಂದು ಇಬ್ಬರಿಗೂ ಹತ್ತಿಕೊಂಡಿತು. ಆ ವಾಗ್ವಾದ ಮುಗಿಯುವಷ್ಟರಲ್ಲಿ ಗಂಟೆ ಹನ್ನೆರಡೂ ಹೊಡೆದು, ಧೂಪದ ಹೊಗೆ ಚದುರಿ, ಜನ ಊಟಕ್ಕೆ ಹೊರಟಿದ್ದರು. ಖಾಲಿ ಕೈಯಲ್ಲಿ ಮನೆಗೆ ಬಂದರು. ಏಳು ತಿಂಗಳಿಗೆ ಇಲಾರಿಯೊ ಹೋದ. ಅಂದಿನಿಂದ ಆ ಮನೆಯಲ್ಲಿ ಬಸ್ಸಿನ ಮಾತೇ ಬಂದಿಲ್ಲ. ಅತ್ತೆ ಅದನ್ನು ಮರೆತಿದ್ದಾಳೆ ಎಂದು ಕಾಸಿಲ್ದಾ ತಿಳಿದಿದ್ದಳು. ನೆನಪಿದ್ದಿದ್ದರೆ ದಿನಕ್ಕೆ ಮೂರು ಸಲ ಎತ್ತಿ ಆಡದೆ ಬಿಡುತ್ತಿದ್ದಳೇ!

ಆಮೇಲೆ ಕಾಸಿಲ್ದಾ ವಿಧಿಗೆ ಒಂದು ಸಂದನ್ನೂ ಬಿಡಲಿಲ್ಲ. ಪ್ರತಿ ವರ್ಷ ಪಟ್ಟಿ ಬರೆದುಕೊಂಡು ಒಂಬತ್ತಕ್ಕೇ ಸಂತೆಗೆ ಹೋಗಿ, ಯಾತಿರಿಯ ಮುಂದೆ ಮೊದಲಿಗಳಾಗಿ ಕೂರುತ್ತಿದ್ದಳು. ಪಟ್ಟಿಯಲ್ಲಿ ಅವಳದೆಂದು ಏನೂ ಇರುತ್ತಿರಲಿಲ್ಲ. ಎಲ್ಲವೂ ಅತ್ತೆಗೆ: ಹುಣಿಸೆ ಬೀಜದಷ್ಟು ಔಷಧದ ಡಬ್ಬಿ, ಹೆಬ್ಬೆರಳಿನಷ್ಟು ಹೊಸ ಷೂ, ನೆಲಗಡಲೆಯಷ್ಟು ಉಣ್ಣೆಯ ಹನ್ನೆರಡು ಉಂಡೆ. ಉಣ್ಣೆಯೇ ಅವಳ ದೊಡ್ಡ ಉಪಾಯ. ಹೆಣಿಗೆ ಅರ್ಧಕ್ಕೆ ಬಿಟ್ಟು ಯಾವ ಮುದುಕಿಯೂ ಸಾಯುವುದಿಲ್ಲ ಎಂಬುದು ಅವಳ ನಂಬಿಕೆ. ಹೀಗಾಗಿ ಆ ಮನೆಯಲ್ಲಿ ನಾಲ್ಕು ವರ್ಷಗಳಲ್ಲಿ ಹನ್ನೊಂದು ಹೊದಿಕೆ ತಯಾರಾಗಿದ್ದವು.

ಅತ್ತೆಯೇನು ಕಡಿಮೆಯವಳೇ? ಅವಳು ಪ್ರತಿ ವರ್ಷ ಸೊಸೆಗೆ ಒಂದು ಮಣ್ಣಿನ ಹುಂಜ ಕೊಡುತ್ತಿದ್ದಳು. ಒಂಟಿ ಹೆಂಗಸಿಗೆ ಯಾರಾದರೂ ಹುಂಜ ಕೊಟ್ಟರೆ ವರ್ಷದೊಳಗೆ ಅವಳಿಗೊಬ್ಬ ಜೊತೆಗಾರ ಸಿಗುತ್ತಾನೆ. ಕಾಸಿಲ್ದಾ ಮೊದಲ ಹುಂಜವನ್ನು ಗೋಡೆಗೆ ಮುಖ ಮಾಡಿಸಿ ಇಟ್ಟಳು. ಎರಡನೆಯದನ್ನು ಬಾಗಿಲು ಬಡಿಯದಂತೆ ಅಡ್ಡ ಇಟ್ಟಳು. ಮೂರನೆಯದನ್ನು ಮಾರುಕಟ್ಟೆಯಲ್ಲಿ ಗಿಣ್ಣಿನ ಅಂಗಡಿ ಇಟ್ಟಿದ್ದ ಗೆಳತಿ ನೆಮೆಸಿಯಾಳಿಗೆ ದಾಟಿಸಿದಳು. ಗಂಡನಿರುವವಳಿಗೆ ಹುಂಜದಿಂದ ಏನಾದೀತು ಎಂದುಕೊಂಡಿದ್ದಳು. ಆದದ್ದಿಷ್ಟು: ನೆಮೆಸಿಯಾಳ ಗಂಡ ಆರು ತಿಂಗಳಿಗೆ ನಿವೃತ್ತನಾಗಿ ಮನೆಯಲ್ಲಿ ಕೂತ. ಬೆಳಗಿನಿಂದ ಸಂಜೆಯವರೆಗೆ ಅವಳ ಹಿಂದೆಯೇ ಓಡಾಡುತ್ತ, ಪಾತ್ರೆ ಹೇಗೆ ತೊಳೆಯಬೇಕೆಂದು ಹೇಳಿಕೊಡತೊಡಗಿದ. ಹುಂಜಗಳ ಶಕ್ತಿಯ ಬಗ್ಗೆ ಕಾಸಿಲ್ದಾಳಿಗೆ ಅಂದಿನಿಂದ ಇನ್ನಷ್ಟು ಭಯ.

ಭಯಕ್ಕೆ ಕಾರಣವಿತ್ತು. ಇಲಾರಿಯೊನ ವರ್ಷದ ದಿನ, ಮನೆಯ ಮೂಲೆಯಲ್ಲಿರುವ ಎಕೇಕೊ ದೇವರ ಬೊಂಬೆಯ ಬಾಯಿಗೆ ಸಿಗರೇಟು ಹಚ್ಚಿಟ್ಟು ಅತ್ತೆ ಪಿಸುಗುಟ್ಟಿದ್ದನ್ನು ಅವಳು ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದಳು: "ಇವಳಿಗೊಂದು ಜೊತೆ ಸಿಗೋವರೆಗೂ ನಾನು ಸಾಯಲ್ಲ. ಸಿಕ್ಕಿದ ಮೇಲೆ ಒಂದು ದಿನವೂ ಜಾಸ್ತಿ ಇರಲ್ಲ. ಇದು ಮಾತು." ಎಕೇಕೊ ಸಿಗರೇಟನ್ನು ಬುಡದವರೆಗೂ ಸೇದಿ ಮುಗಿಸಿದ್ದ. ಅಂದರೆ ಒಪ್ಪಂದ ಆದಂತೆಯೇ.

ಲೆಕ್ಕ ಸುಲಭವಾಗಿತ್ತು. ಕಾಸಿಲ್ದಾ ಒಂಟಿಯಾಗಿರುವವರೆಗೆ ಅತ್ತೆ ಬದುಕಿರುತ್ತಾಳೆ. ಆದ್ದರಿಂದ ಎರಡು ವರ್ಷಗಳಿಂದ ದೊನ್ ಮಕಾರಿಯೊ ಪ್ರತಿ ಗುರುವಾರ ಮೆಟ್ಟಿಲು ಹತ್ತಿ ಬಂದರೂ ಅವಳು ಅವನಿಗೆ ಕಷಾಯ ಕೊಟ್ಟು, ಬ್ರೆಡ್ಡು ಕೊಟ್ಟು, ಉತ್ತರ ಮಾತ್ರ ಕೊಡುತ್ತಿರಲಿಲ್ಲ. ಮಕಾರಿಯೊ ಸಂತೆಗೆ ಪುಟ್ಟ ಮಂಚ, ಪುಟ್ಟ ಬೀರು, ಪುಟ್ಟ ಮೇಜು ಮಾಡುವ ಬಡಗಿ. ಹೆಂಡತಿ ತೀರಿಕೊಂಡವನು, ಮಾತು ಕಡಿಮೆ, ಕಿವಿಯ ಮೇಲೆ ಸದಾ ಪೆನ್ಸಿಲು. ಯಾವುದನ್ನೂ ಅಳೆಯದೆ ಮುಟ್ಟುವವನಲ್ಲ. ಒಮ್ಮೆ ಅವಳ ಅಡುಗೆಮನೆಯ ಬಾಗಿಲು ರಿಪೇರಿ ಮಾಡಿ ಹೋಗುವಾಗ, ನಿಮ್ಮ ಮನೆಯ ಹೊಸ್ತಿಲು ನನ್ನ ಪಾದಕ್ಕೆ ಸರಿಯಾದ ಎತ್ತರದಲ್ಲಿದೆ ಎಂದಿದ್ದ. ಅವನ ಮಟ್ಟಿಗೆ ಅದು ಪ್ರೇಮಪತ್ರ. ಅಂದು ಅವಳು ಆ ಹೊಸ್ತಿಲನ್ನು ಎರಡು ಸಲ ಒರೆಸಿದಳು. ಆಮೇಲೆ ಅತ್ತೆಗೆ ಇನ್ನೆರಡು ಉಂಡೆ ಉಣ್ಣೆ ತಂದುಕೊಟ್ಟಳು.

ಒಂಬತ್ತು ಗಂಟೆಗೆ ಸಂತೆಗೆಂದು ಕರೆಯಲು ಬಂದ ನೆಮೆಸಿಯಾಳನ್ನು ಕಾಸಿಲ್ದಾ ಅಂಗಳದ ನಲ್ಲಿಯ ಹಿಂದಕ್ಕೆ ಎಳೆದೊಯ್ದು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಗೆಳತಿಯ ಮುಖ ಬಿಳಿಚಿಕೊಂಡದ್ದನ್ನು ಗಮನಿಸಿದಳು. ನೆಮೆಸಿಯಾಳ ಮಗನಿಗೆ ಇಗರ್ಜಿಯಲ್ಲಿ ಹೆಸರಿಟ್ಟಾಗ ಜ್ಞಾನತಾಯಿಯಾಗಿ ನಿಂತವಳು ಇವಳೇ. ಹಾಗಾಗಿ ಇಪ್ಪತ್ತು ವರ್ಷದಿಂದ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತಿದ್ದರು.

"ಕೊಮಾದ್ರೆ, ಬೈಬೇಡ. ಹೋದ ವಾರ ನಿಮ್ಮತ್ತೆ ಗಿಣ್ಣು ತಗೊಳ್ಳೋಕೆ ಬಂದಿದ್ದರು. ಇವಳು ಯಾಕೆ ಆ ಬಡಗಿಗೆ ಹೂಂ ಅನ್ನಲ್ಲ ಅಂತ ಕೇಳಿದರು. ನಾನು..."

"ಹೇಳಿಬಿಟ್ಯಾ?"

"ಪೂರ್ತಿ ಹೇಳಿಲ್ಲ. ಮುಕ್ಕಾಲು ಹೇಳಿದೆ. ಉಳಿದದ್ದು ಅವರೇ ಊಹಿಸಿದರು."

ನೆಮೆಸಿಯಾಳ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂಬುದು ಗೊತ್ತಿದ್ದೂ ಅವಳಿಗೆ ಗುಟ್ಟು ಹೇಳಿದ ತಪ್ಪು ತನ್ನದೇ. ಆಗ ಕಾಸಿಲ್ದಾಳಿಗೆ ಎಲ್ಲ ಹೊಳೆಯಿತು. ಮುದುಕಿಗೆ ಬದುಕು ಸಾಕಾಗಿರಲಿಲ್ಲ. ತಾನು ಇರುವವರೆಗೆ ಸೊಸೆ ಒಂಟಿ ಎಂದು ತಿಳಿದು, ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಲು ಹೊರಟಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳ ಸಾರು ಚೆನ್ನಾಗಿದೆ ಎನ್ನದ ಬಾಯಿ... ಈಗ ಅವಳಿಗಾಗಿ ಸಾವನ್ನೇ ಮಾಡಿಸಿಕೊಂಡು ತಂದು ಚುನ್ಯೊ ಡಬ್ಬದಲ್ಲಿ ಇಟ್ಟಿತ್ತು! ಕಾಸಿಲ್ದಾ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಂಡಳು. ಅಳುವುದನ್ನು ಅತ್ತೆ ನೋಡಿದರೆ, ಅತ್ತರೆ ಮೂಗು ಇನ್ನೂ ದಪ್ಪ ಕಾಣುತ್ತದೆ ಎಂದು ಹೇಳುವುದು ಖಂಡಿತ.

ತಪ್ಪಿಗೆ ಪ್ರಾಯಶ್ಚಿತ್ತವಾಗಿ ನೆಮೆಸಿಯಾಳೇ ಒಂದು ಉಪಾಯ ಹೇಳಿದಳು. ಪೆಟ್ಟಿಗೆ ಕಿತ್ತುಕೊಂಡರೆ ಮುದುಕಿ ಇನ್ನೊಂದು ಮಾಡಿಸುತ್ತಾಳೆ. ಹನ್ನೆರಡು ಗಂಟೆ ದಾಟಿಸಿಬಿಟ್ಟರೆ ಮಾತ್ರ ಒಂದು ವರ್ಷ ಉಳಿಯಿತು. ದಾಟಿಸುವುದು ಹೇಗೆ? "ಜಗಳ ತೆಗಿ ಕೊಮಾದ್ರೆ. ನಿಮ್ಮಿಬ್ಬರಿಗೂ ಜಗಳಕ್ಕೆ ಕೂತರೆ ಗಂಟೆ ಹೊಡೆದದ್ದು ಕೇಳಿಸಲ್ಲ."

ಹೀಗೆ ಮೂವರೂ ಸಂತೆಗೆ ಹೊರಟರು. ಜನವರಿಯ ತುಂತುರು ಮಳೆ ಬಂದು ನಿಂತಿತ್ತು. ಸಬಾಸ್ತಾ ಬೆನ್ನಿಗೆ ಕಟ್ಟಿಕೊಂಡ ಪಟ್ಟೆಪಟ್ಟೆ ವಸ್ತ್ರದಲ್ಲಿ ಪೆಟ್ಟಿಗೆಯೂ ಈ ವರ್ಷದ ಹುಂಜವೂ ಇದ್ದವು. ಹುಂಜವನ್ನು ಮಾತ್ರ ಯಾವ ಕಾರಣಕ್ಕೂ ಬಿಡುವವಳಲ್ಲ ಅವಳು. ದಾರಿಯಲ್ಲಿ ನೇರಳೆ ಜೋಳದ ಬಿಸಿ ಗಂಜಿ ಕುಡಿಯಲು ನಿಂತಳು, ಅದು ತೆಳ್ಳಗಿದೆ ಎಂದಳು, ಇನ್ನೊಂದು ಲೋಟ ಕುಡಿದಳು. ಸಾಯಲು ಹೊರಟವಳು ಹೀಗೆ ಕುಡಿಯುತ್ತಾಳೆಯೇ ಎಂದು ನೆಮೆಸಿಯಾ ಕಿವಿಯಲ್ಲಿ ಕೇಳಿದಳು. ಕಾಸಿಲ್ದಾಳ ಕಣ್ಣು ಮಾತ್ರ ಇಗರ್ಜಿಯ ಗಡಿಯಾರದ ಮೇಲೆಯೇ ಇತ್ತು.

ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಪುಟ್ಟ ಕಾರು, ಪುಟ್ಟ ಪಾಸ್‌ಪೋರ್ಟು, ಪುಟ್ಟ ಅಕ್ಕಿಮೂಟೆಗಳನ್ನು ಎದೆಗವಚಿಕೊಂಡು ಧೂಪದ ಮುಂದೆ ಸಾಲುಗಟ್ಟಿದ್ದರು. ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಇವರು ಯಾತಿರಿಯ ಮುಂದಿದ್ದರು. ಅವನು ಹೂವಿನ ದಳಗಳ ಬುಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಕೆಂಡ ಊದುತ್ತಿದ್ದ. ಸಬಾಸ್ತಾ ಗಂಟು ಬಿಚ್ಚಿ ಪೆಟ್ಟಿಗೆಯನ್ನು ಸೊಸೆಯ ಕೈಗಿಟ್ಟಳು. ಗಂಟೆ ಹೊಡೆಯುತ್ತಿದ್ದಂತೆ ವಾಪಸು ಕೊಡಬೇಕೆಂದು ಇನ್ನೊಮ್ಮೆ ಹೇಳಿಕೊಟ್ಟಳು. ನೆಮೆಸಿಯಾ ಹಿಂದಿನಿಂದ ತಿವಿದಳು.

ಜಗಳಕ್ಕೆ ಏನು ಹಿಡಿಯುವುದು? ಜನ್ಮವಿಡೀ ಹುಡುಕದೆ ಸಿಕ್ಕಿದ ಜಗಳ ಬೇಕೆಂದಾಗ ಸಿಗಲಿಲ್ಲ. ಕಾಸಿಲ್ದಾ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಮರದ ಬಣ್ಣ ಸಪ್ಪೆಯಾಗಿದೆ ಅತ್ತೆ. ಇದಕ್ಕೆ ನೀಲಿ ಹೊಡೆಸಬೇಕಿತ್ತು."

"ನೀಲಿ? ನಿನಗೆ ಯಾವತ್ತೂ ಬಣ್ಣ ಅನ್ನೋದೇ ಗೊತ್ತಿಲ್ಲ. ನೀಲಿ ಯಾವುದಕ್ಕೆ ಚೆನ್ನಾಗಿರುತ್ತೆ? ಕೆಂಪು ಹೊಡೆಸಿದ್ದರೆ..."

ಸಬಾಸ್ತಾಳ ಬಾಯಿ ಅಲ್ಲೇ ನಿಂತಿತು. ಕಾಸಿಲ್ದಾಳ ಕೈಯೂ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾಲ್ಕು ವರ್ಷದ ಹಿಂದೆ ಇದೇ ಚೌಕದಲ್ಲಿ, ಇದೇ ಹೊತ್ತಿನಲ್ಲಿ, ಇದೇ ಎರಡು ಬಣ್ಣಗಳು.

"ನಿಮಗೆ ನೆನಪಿದೆಯಾ ಅತ್ತೆ?" ಕಾಸಿಲ್ದಾಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ನೆನಪಾ..." ಮುದುಕಿ ಟೋಪಿ ತೆಗೆದಳು. ಜನರ ನಡುವೆ ಅವಳು ಟೋಪಿ ತೆಗೆದದ್ದನ್ನು ಕಾಸಿಲ್ದಾ ಒಮ್ಮೆ ಮಾತ್ರ ನೋಡಿದ್ದಳು, ಮಗನ ಶವಸಂಸ್ಕಾರದ ದಿನ. "ಅವನ ಬಸ್ಸನ್ನ ನಾನು ತಪ್ಪಿಸಿದೆ. ಬಾಯಿ ಮುಚ್ಚಿಕೊಂಡು ನೀಲಿ ಅಂದಿದ್ದರೆ ಆಗ್ತಿತ್ತು. ನೀನು ಹೆಂಡತಿ, ನಿನಗೆ ಗೊತ್ತಿತ್ತು ಅವನಿಗೇನು ಇಷ್ಟ ಅಂತ. ನಾಲ್ಕು ವರ್ಷ ಕಾಯ್ತಿದ್ದೆ, ಇವತ್ತು ಅಂತಾಳೆ, ನಾಳೆ ಅಂತಾಳೆ, ನೀನೇ ಕೊಂದೆ ಮುದುಕಿ ಅಂತಾಳೆ ಅಂತ. ನೀನು ಅನ್ನಲೇ ಇಲ್ಲ. ಉಣ್ಣೆ ತಂದುಕೊಟ್ಟೆ."

"ಕೊಂದವಳು ನಾನು ಅತ್ತೆ! ಕೆಂಪು ಅಂತ ನೀವು ಮೊದಲೇ ಹೇಳಿದ್ದಿರಿ. ಹಟ ಹಿಡಿದವಳು ನಾನು... ನೀವು ಮರೆತಿದ್ದೀರಿ ಅಂದುಕೊಂಡಿದ್ದೆ. ಅದಕ್ಕೇ ಬಾಯಿ ಬಿಡಲಿಲ್ಲ."

"ನಾನು ಮೊದಲು ಕೂಗಾಡಿದ್ದು."

"ಇಲ್ಲ, ನಾನು ಮೊದಲು."

ಆ ಕ್ಷಣದಲ್ಲೂ ಅವರಿಗೆ ಒಮ್ಮತವಾಗಲಿಲ್ಲ. ಆದರೆ ಸಬಾಸ್ತಾಳ ಗಂಟುಗಂಟು ಬೆರಳುಗಳು ಸೊಸೆಯ ಮಣಿಕಟ್ಟನ್ನು ಹಿಡಿದಿದ್ದವು, ಬಿಡಲಿಲ್ಲ. ಇಬ್ಬರೂ ಅಲ್ಲೇ, ಪುಟ್ಟ ಮನೆ ಪುಟ್ಟ ಕಾರುಗಳ ನಡುವೆ ನಿಂತು ಅತ್ತರು. ನಾಲ್ಕು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಗಾಯವನ್ನು ಒಬ್ಬರಿಗೊಬ್ಬರು ಕಾಣದಂತೆ ಮುಚ್ಚಿಟ್ಟುಕೊಂಡು ಬದುಕಿದ ಅಳು ಅದು. ಹಿಂದಿದ್ದ ಸಾಲಿನವರು ಗೊಣಗುವುದನ್ನು ನಿಲ್ಲಿಸಿದರು. ನೆಮೆಸಿಯಾಳಿಗೆ ತಡೆಯಲಾಗಲಿಲ್ಲ. ತಾನೂ ಕಣ್ಣೊರೆಸಿಕೊಂಡು ಇಬ್ಬರ ನಡುವೆ ತಲೆ ತೂರಿಸಿದಳು.

"ಅತ್ತೆ-ಸೊಸೆ ಜಗಳಕ್ಕೆ ಗಂಡಸರು ಸಾಯೋ ಹಾಗಿದ್ದರೆ ಲಾ ಪಾಸ್‌ನಲ್ಲಿ ಬಸ್ಸು ಓಡಿಸೋಕೆ ಒಬ್ಬ ಗಂಡಸಾದರೂ ಇರ್ತಿದ್ದನಾ? ನನ್ನ ಗಂಡನನ್ನೇ ನೋಡಿ. ಎರಡು ತಲೆಮಾರಿನ ಅತ್ತೆ-ಸೊಸೆ ಜಗಳ ದಾಟಿ ಬಂದಿದ್ದಾನೆ, ಕಲ್ಲುಗುಂಡಿನ ಹಾಗಿದ್ದಾನೆ."

ಸಬಾಸ್ತಾ ಮೂಗು ಒರೆಸಿಕೊಂಡು ಯೋಚಿಸಿದಳು. ಇಂಥ ಮಾತು ಯಾತಿರಿಗಳಿಂದಲೂ ಪಾದ್ರಿಗಳಿಂದಲೂ ಅವಳು ಕೇಳಿರಲಿಲ್ಲ. "ಇವಳಿಗೆ ಬುದ್ಧಿ ಇದೆಯಲ್ಲೇ" ಎಂದಳು ಸೊಸೆಗೆ, ಆಶ್ಚರ್ಯದಿಂದ.

ಅಷ್ಟರಲ್ಲಿ ಎದುರು ಸಾಲಿನ ತನ್ನ ಅಂಗಡಿಯಿಂದ ದೊನ್ ಮಕಾರಿಯೊ ಜನರನ್ನು ಸರಿಸಿಕೊಂಡು ಬಂದ. ಕಾಸಿಲ್ದಾಳ ಕೈಯಲ್ಲಿ ತಾನು ಮಾಡಿದ ಪೆಟ್ಟಿಗೆ, ಇಬ್ಬರ ಕಣ್ಣಲ್ಲೂ ನೀರು. ಅವನು ಕಿವಿಯ ಪೆನ್ಸಿಲನ್ನು ಗೌರವದಿಂದ ಕೈಗೆ ತೆಗೆದುಕೊಂಡ.

"ಆ ಗಿಳಿ ನಿಮಗೆ ಇಷ್ಟೊಂದು ಹತ್ತಿರದ್ದು ಅಂತ ಗೊತ್ತಿರಲಿಲ್ಲ" ಎಂದ.

"ಯಾವ ಗಿಳಿ?" ಎಂದಳು ಕಾಸಿಲ್ದಾ.

ಸಬಾಸ್ತಾ ಬೇರೆ ಕಡೆ ನೋಡತೊಡಗಿದಳು. ಪೆಟ್ಟಿಗೆ ತನಗೆಂದರೆ ಮಕಾರಿಯೊ ಮಾಡಿಕೊಡುವುದಿಲ್ಲವೆಂದು, ಪಕ್ಕದ ಮನೆಯ ಗಿಳಿ ಸತ್ತಿದೆ, ಮಣ್ಣು ಮಾಡಬೇಕು ಎಂದು ಅವಳು ಹೇಳಿದ್ದಳಂತೆ. ಅವನು ಗಿಳಿಯ ಅಳತೆ ಕೇಳಿದ್ದನಂತೆ. ಅವಳು ತೋಚಿದ ಅಳತೆ ಹೇಳಿದ್ದಳಂತೆ.

"ಇಷ್ಟು ದೊಡ್ಡ ಗಿಳಿಗೆ ಮಲಗಿ ಅಭ್ಯಾಸ ಇರಲ್ಲ. ಅದಕ್ಕೇ ಒಳಗೆ ಒಂದು ಅನುಕೂಲ ಮಾಡಿದ್ದೆ. ನೋಡಿದಿರಾ?"

ಯಾರೂ ನೋಡಿರಲಿಲ್ಲ. ಕೊಕ್ಕೆ ಬಿಗಿಯಾಗಿದ್ದು ಸಬಾಸ್ತಾಳ ಬೆರಳಿಗೆ ಬಗ್ಗಿರಲಿಲ್ಲ. ಒಳಗೆ ನೋಡುವ ಅವಸರವೂ ಅವಳಿಗೆ ಇರಲಿಲ್ಲ. ಮಕಾರಿಯೊ ಹೆಬ್ಬೆರಳಿನಿಂದ ಕೊಕ್ಕೆ ಎತ್ತಿ ಮುಚ್ಚಳ ತೆರೆದ. ಒಳಗೆ ಬಿಳಿ ಬಟ್ಟೆಯ ಮೆತ್ತೆ. ಅದರ ಮೇಲೆ, ಈ ಬದಿಯಿಂದ ಆ ಬದಿಗೆ, ನಯವಾಗಿ ಉಜ್ಜಿದ ಒಂದು ಅಡ್ಡಕೋಲು. ಗಿಳಿ ಕೂರಲು.

ಸಬಾಸ್ತಾ ಆ ಕೋಲನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಂದರೆ ಸತ್ತ ಮೇಲೆ ನಾನು ಕೋಲಿನ ಮೇಲೆ ಕೂರಬೇಕಾಗಿತ್ತಾ?"

ಕಾಸಿಲ್ದಾಳ ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು. ಅಳು ಎಂದುಕೊಂಡಳು. ಅದು ನಗುವಾಗಿತ್ತು. ಇಲಾರಿಯೊ ಹೋದ ಮೇಲೆ ಇಂಥ ನಗು ಅವಳಿಗೆ ಬಂದಿರಲಿಲ್ಲ. ಹೊಟ್ಟೆ ಹಿಡಿದುಕೊಂಡಳು. ಅವಳನ್ನು ನೋಡಿ ನೆಮೆಸಿಯಾ, ನೆಮೆಸಿಯಾಳನ್ನು ನೋಡಿ ಹಿಂದಿದ್ದ ಸಾಲಿನವರು, ಕೊನೆಗೆ ಟೋಪಿಯಿಂದ ಬಾಯಿ ಮುಚ್ಚಿಕೊಂಡು ಸಬಾಸ್ತಾಳೂ ನಕ್ಕಳು. ಮಕಾರಿಯೊ ಒಬ್ಬನೇ ಗಂಭೀರವಾಗಿ, ಕೋಲು ಸಡಿಲವಾಗಿದೆಯೇನೋ ಎಂದು ಮುಟ್ಟಿ ನೋಡುತ್ತಿದ್ದ.

ಇಗರ್ಜಿಯ ಮೊದಲ ಗಂಟೆ ಬಿತ್ತು.

ಚೌಕವೆಲ್ಲ ಒಮ್ಮೆಲೇ ಕೈಯೆತ್ತಿತು. ಸಾವಿರ ಮನೆ, ಸಾವಿರ ಕಾರು ಹೊಗೆಯಲ್ಲಿ ತೇಲಿದವು. ಯಾತಿರಿ ಇವರ ಕಡೆ ತಿರುಗಿ, ಬೇಗ ಹಿಡೀರಮ್ಮ ಎಂದ. ಕಾಸಿಲ್ದಾಳ ಕೈಯಲ್ಲಿ ತೆರೆದ ಪೆಟ್ಟಿಗೆ. ಕೊಡಬೇಕು, ಇಲ್ಲವೇ ಕೊಡಬಾರದು. ಅವಳು ಅತ್ತೆಯ ಮುಖ ನೋಡಿದಳು. ಸುಕ್ಕುಗಟ್ಟಿದ ಆ ಮುಖವನ್ನು ನಾಲ್ಕು ವರ್ಷ ಔಷಧದ ಡಬ್ಬಿಯಿಂದ, ಉಣ್ಣೆಯ ದಾರದಿಂದ, ತನ್ನ ಒಂಟಿತನದಿಂದ ಕಟ್ಟಿ ಹಿಡಿದಿದ್ದಳು. ಹಿಡಿದದ್ದು ದಾರವೇ ಹೊರತು ಪ್ರಾಣವಲ್ಲ ಎಂದು ಆಗ ಅನ್ನಿಸಿತು. ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಷೂ ದಾರ ಕಟ್ಟಲು ಬಗ್ಗಿದವನನ್ನು ಯಾರು ಹಿಡಿದರು?

"ಅತ್ತೆ, ನೀವು ಹೋಗೋ ದಿನ ಹೋಗ್ತೀರಿ" ಎಂದಳು. "ನಾನು ತಡೆದರೂ ಹೋಗ್ತೀರಿ. ಆದರೆ ಕಳಿಸೋ ಕೆಲಸ ನನ್ನ ಕೈಲಿ ಮಾಡಿಸಬೇಡಿ."

ಏಳನೆಯ ಗಂಟೆ ಬಿತ್ತು, ಎಂಟನೆಯದು ಬಿತ್ತು. ಕಾಸಿಲ್ದಾ ಅತ್ತೆಯ ಗಂಟಿಗೆ ಕೈ ಹಾಕಿ ಈ ವರ್ಷದ ಮಣ್ಣಿನ ಹುಂಜವನ್ನು ತೆಗೆದಳು. ಮಕಾರಿಯೊನ ಕಣ್ಣೆದುರೇ ಅದನ್ನು ಅವನ ಅಡ್ಡಕೋಲಿನ ಮೇಲೆ ಕೂರಿಸಿದಳು. ಅಳತೆ ತೆಗೆದು ಮಾಡಿದಂತೆ ಹುಂಜ ಅದರ ಮೇಲೆ ಗಟ್ಟಿಯಾಗಿ ಕೂತಿತು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಾಗ ಅದು ಶವಪೆಟ್ಟಿಗೆಯಂತೆ ಕಾಣಲೇ ಇಲ್ಲ. ಬಾಗಿಲು ತೆರೆದ ಕೋಳಿಗೂಡಿನಂತಿತ್ತು. ಯಾತಿರಿ ಅದೇನೆಂದು ಕೇಳುತ್ತ ಕೂರಲಿಲ್ಲ. ಹನ್ನೆರಡನೆಯ ಗಂಟೆಯ ಜೊತೆಗೇ ದಳ ಚೆಲ್ಲಿ, ಮದ್ಯ ಚಿಮುಕಿಸಿ, ಹೊಗೆ ಹಾಯಿಸಿ, ನಿಮ್ಮ ಮನೆಗೆ ದೊಡ್ಡದಾಗಿ ಬರಲಿ ಎಂದು ಹರಸಿಬಿಟ್ಟ.

ಮಕಾರಿಯೊ ಹುಂಜವನ್ನು ನೋಡಿದ, ಕೋಲನ್ನು ನೋಡಿದ, ಕಾಸಿಲ್ದಾಳನ್ನು ನೋಡಿದ. ಅವನ ಕೈಯಿಂದ ಪೆನ್ಸಿಲು ಕೆಳಗೆ ಬಿತ್ತು.

ಮನೆಗೆ ಬರುವ ಮೆಟ್ಟಿಲಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಸಬಾಸ್ತಾ ಹೇಳಿದಳು:

"ಎಕೇಕೊ ಮುಂದೆ ಒಂದು ಮಾತು ಆಡಿದ್ದೆ. ವಾಪಸ್ ತಗೊಂಡೆ."

"ದೇವರಿಗೆ ಕೊಟ್ಟ ಮಾತು ವಾಪಸ್ ತಗೊಳ್ತಾರಾ ಅತ್ತೆ?"

"ಎಂಬತ್ತೊಂದು ವರ್ಷದವಳು, ನೆನಪಿಲ್ಲ ಅಂತೀನಿ. ಎರಡು ಸಿಗರೇಟು ಜಾಸ್ತಿ ಇಡ್ತೀನಿ. ಅವನೂ ಗಂಡಸೇ ತಾನೆ."

ಮೇ ತಿಂಗಳಲ್ಲಿ ಮಕಾರಿಯೊ ತನ್ನ ಉಳಿ, ಸುತ್ತಿಗೆ, ಅಳತೆಪಟ್ಟಿಗಳೊಂದಿಗೆ ಆ ಹೊಸ್ತಿಲು ದಾಟಿ ಬಂದ. ಬಂದವನು ಮೊದಲು ಅಂಗಳದಲ್ಲಿ ಒಂದು ಕೋಳಿಗೂಡು ಕಟ್ಟಿದ. ಹರಕೆಯನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲ ಎಂಬುದು ಅವನ ಅಭಿಪ್ರಾಯ. ಆರು ಕೋಳಿ, ಒಂದು ಹುಂಜ. ಹುಂಜ ಬೆಳಗಾಗುವ ಮುನ್ನವೇ ಕೂಗಿ ಸಬಾಸ್ತಾಳನ್ನು ಎಬ್ಬಿಸುತ್ತಿತ್ತು. ಅವಳು ಅದಕ್ಕೆ ಬೈಯುತ್ತ ಏಳುತ್ತಿದ್ದಳು. ಬೈಗುಳ ಮುಗಿಯುವಷ್ಟರಲ್ಲಿ ಕಾಳು ಹಾಕುವ ಹೊತ್ತು. ಯಾವಾಗ ಹೊರಡುತ್ತೀರಿ ಎಂದು ನೆಮೆಸಿಯಾ ತಮಾಷೆ ಮಾಡಿದರೆ, ಹೇಗೆ ಹೊರಡಲಿ, ಈ ಬಡಗಿ ಗೂಡಿನ ಚಿಲಕ ಎಡಗಡೆ ಹಾಕಿದ್ದಾನೆ, ಸೊಸೆಗೆ ಮುಚ್ಚಲು ಬರುವುದಿಲ್ಲ ಎನ್ನುತ್ತಿದ್ದಳು. ಜುಲೈ ಚಳಿಯಲ್ಲಿ ಅವಳಿಗೆ ಎರಡು ವಾರ ಎದೆ ಕಟ್ಟಿತು. ಕಾಸಿಲ್ದಾ ಪಕ್ಕದಲ್ಲಿ ಕೂತು ಬೆನ್ನು ತಿಕ್ಕಿದಳು, ವೈದ್ಯರು ಹೇಳಿದ ಔಷಧ ಕುಡಿಸಿದಳು. ಎಕೇಕೊ ಕಡೆಗೆ ಎರಡು ಸಲ ನೋಡಿದಳು. ಆದರೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳಲಿಲ್ಲ. ಮೂರನೆಯ ವಾರ ಮುದುಕಿ ಎದ್ದು ಕೂತು, ಸಾರಿಗೆ ಉಪ್ಪು ಕಡಿಮೆ ಎಂದಳು. ಕಾಸಿಲ್ದಾ ಅಡುಗೆಮನೆಗೆ ಹೋಗಿ, ಚುನ್ಯೊ ಡಬ್ಬವನ್ನು ಅಪ್ಪಿಕೊಂಡು ಅತ್ತಳು.

ಮತ್ತೆ ಜನವರಿ ಇಪ್ಪತ್ತನಾಲ್ಕು ಬಂತು. ಅಂದು ಕಾಸಿಲ್ದಾಳ ಕೈಯಲ್ಲಿ ಪಟ್ಟಿ ಇರಲಿಲ್ಲ. ಅತ್ತೆ-ಸೊಸೆ ಇಬ್ಬರೂ ಬೇಕೆಂದೇ ತಡವಾಗಿ ಹೊರಟರು. ದಾರಿಯಲ್ಲಿ ನೇರಳೆ ಗಂಜಿ ಕುಡಿದರು. ಗಂಟೆ ಹನ್ನೆರಡೂ ಹೊಡೆದು, ಹೊಗೆ ಚದುರಿ, ಜನ ಊಟಕ್ಕೆ ಹೊರಟ ಮೇಲೆ, ಕೊಂಡದ್ದಕ್ಕೆ ಯಾವ ಬಲವೂ ಇರದ ಹೊತ್ತಿನಲ್ಲಿ, ಬಸ್ಸು ಮಾರುವವನ ಮುಂದೆ ನಿಂತರು. ಅವನು ಯಾವ ಬಣ್ಣ ಎಂದು ಕೇಳಿದ.

"ನೀಲಿ" ಎಂದಳು ಸಬಾಸ್ತಾ.

"ಕೆಂಪು" ಎಂದಳು ಕಾಸಿಲ್ದಾ.

"ನೀಲಿ ಅಂದೆನಲ್ಲ. ನಿನಗೋಸ್ಕರ ಅಂದೆ."

"ನಾನೂ ನಿಮಗೋಸ್ಕರವೇ ಅಂದದ್ದು. ಕೆಂಪೇ ಕೊಡಿ."

"ನೀನು ಸುಮ್ಮನಿರು. ನೀಲಿ ಕೊಡಪ್ಪ."

ಮಾರುವವನು ಊಟಕ್ಕೆ ಹೊರಡುವವನಿದ್ದ. ಎರಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟುಬಿಟ್ಟ.

ಸ್ಮಶಾನದ ಗೋಡೆಯಲ್ಲಿ ಇಲಾರಿಯೊನ ಶವಪೆಟ್ಟಿಗೆ ಇಟ್ಟ ಗೂಡು ಎರಡನೆಯ ಸಾಲಿನಲ್ಲಿತ್ತು. ಕಾಸಿಲ್ದಾ ಏಣಿ ಹತ್ತಿ ಗಾಜಿನ ಬಾಗಿಲು ತೆರೆದು, ಧೂಳು ಒರೆಸಿ, ಹೊಸ ಹೂವಿಟ್ಟಳು. ಬಸ್ಸುಗಳನ್ನು ಪಕ್ಕಪಕ್ಕ ನಿಲ್ಲಿಸಲು ಜಾಗ ಸಾಲಲಿಲ್ಲ, ಒಂದರ ಹಿಂದೆ ಒಂದು ನಿಲ್ಲಿಸಬೇಕಾಯಿತು. ಕೆಳಗಿನಿಂದ ಅತ್ತೆ, ನೀಲಿಯನ್ನು ಮುಂದೆ ಇಡು ಎಂದಳು. ಕೆಂಪು ಮುಂದಿದ್ದರೆ ಚೆನ್ನ ಎಂದಳು ಸೊಸೆ. ಏಣಿಯ ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಮಾತು ಬೆಳೆಯಿತು. ಅಕ್ಕಪಕ್ಕದ ಗೂಡುಗಳಿಗೆ ಹೂವು ತಂದವರು ತಿರುಗಿ ನೋಡಿದರು. ಒಬ್ಬರೂ ಸೋಲಲಿಲ್ಲ, ಒಬ್ಬರಿಗೂ ಅವಸರವಿರಲಿಲ್ಲ. ಗಾಜಿನ ಹಿಂದೆ ಇಲಾರಿಯೊ, ಫೋಟೊದಲ್ಲಿ, ರೇಡಿಯೊದ ಸದ್ದು ಏರಿಸಲು ಏಳುವ ಮುನ್ನ ನಗುತ್ತಿದ್ದ ಹಾಗೆಯೇ ನಗುತ್ತಿದ್ದ.